ಎಲೆ, ಮಟ್ಕಾ, ಮೊಬೈಲ್: ಆಟ ಮತ್ತು ಜೂಜಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಸೀಮೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಸಾಲದ ವಿಭಾಗ ನನ್ನದು. ಅರ್ಜಿ ತುಂಬಿಸುವಾಗ, ಒತ್ತೆ ಇಡಲು ತಂದ ಒಡವೆ ತೂಗುವಾಗ ಮತ್ತು ಆಮೇಲೆ ಬರೆದ ಪತ್ರಗಳಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿದ್ದೇನೆ. ಸುಲಭವಾದವು ಮೊದಲು, ಕಷ್ಟದವು ಕೊನೆಗೆ. ನಿಮ್ಮ ಮೇಲೆ ಈಗಾಗಲೇ ಪ್ರಕರಣ ದಾಖಲಾಗಿದ್ದರೆ ಇದನ್ನು ಓದಿ ಸುಮ್ಮನಾಗಬೇಡಿ, ವಕೀಲರನ್ನು ಕಾಣಿ.

## ಹಬ್ಬ, ಕಟ್ಟೆ, ಪುರಾಣ

ದುಡ್ಡು ಕಟ್ಟದೆ ಇಸ್ಪೀಟು ಆಡಿದರೂ ಜೂಜು ಎನ್ನುತ್ತಾರೆಯೇ?

ಇಲ್ಲ. ಪಣ ಇಟ್ಟರೆ ಜೂಜು, ಇಡದಿದ್ದರೆ ಆಟ. ಹುಣಸೆ ಬೀಜ ಉರುಳಿಸಿ ಆಡುವ ಚೌಕಾಬಾರ, ಅಳಗುಳಿ ಮಣೆ, ಪಗಡೆ, ಮದುವೆ ಮನೆಯಲ್ಲಿ ರಾತ್ರಿ ಕಳೆಯಲು ಹಂಚುವ ಎಲೆ, ಇವೆಲ್ಲ ಆಟಗಳೇ. ಮುಮ್ಮಡಿ ಕೃಷ್ಣರಾಜ ಒಡೆಯರ್ ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನೇ ರೂಪಿಸಿದರು. ಮೈಸೂರು ಗಂಜೀಫಾಕ್ಕೆ ಇಂದು ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಎಲೆ ಮುಟ್ಟುವುದೇ ಪಾಪ ಎಂದು ಮಕ್ಕಳನ್ನು ಗದರಿಸುವ ಹಿರಿಯರ ಭಯ ನನಗೆ ಅರ್ಥವಾಗುತ್ತದೆ, ಆದರೆ ಅವರ ಮಾತನ್ನು ಒಪ್ಪಲಾರೆ. ದುಡ್ಡಿಲ್ಲದ ಆಟದಲ್ಲಿ ಸೋತು, ಎದ್ದು ಊಟಕ್ಕೆ ಹೋಗುವುದನ್ನು ಕಲಿತ ಮಗುವಿಗೆ ಆ ಅಭ್ಯಾಸ ಮುಂದೆ ಬಹಳ ಕಾಲ ಉಪಯೋಗಕ್ಕೆ ಬರುತ್ತದೆ.

ಯುಗಾದಿ ದಿನ ಊರಿಗೆ ಊರೇ ಆಡುತ್ತದೆ. ವರ್ಷಕ್ಕೊಂದು ದಿನ ಆಡಿದರೂ ತಪ್ಪೇ?

ಕಾನೂನಿನಲ್ಲಿ ಹಬ್ಬಕ್ಕೆಂದು ರಿಯಾಯಿತಿ ಇಲ್ಲ. ಸಾರ್ವಜನಿಕ ಜಾಗದಲ್ಲಿ ಪಣ ಕಟ್ಟಿ ಆಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಯುಗಾದಿಗೂ ಅನ್ವಯಿಸುತ್ತದೆ, ಮಾರನೆಯ ದಿನದ ಹೊಸತೊಡಕಿಗೂ ಅನ್ವಯಿಸುತ್ತದೆ.

ತಪ್ಪೇ ಎಂಬುದು ಬೇರೆ ಪ್ರಶ್ನೆ. ನಮ್ಮ ಕಡೆ ಯುಗಾದಿಗೂ ಎಲೆಗೂ ಹಳೆಯ ನಂಟು. ಬೆಳಿಗ್ಗೆ ಬೇವು-ಬೆಲ್ಲ, ಮಧ್ಯಾಹ್ನ ಒಬ್ಬಟ್ಟಿನ ಊಟ, ಬಿಸಿಲು ಇಳಿಯುತ್ತಿದ್ದಂತೆ ಅರಳಿಕಟ್ಟೆ, ತೋಪು, ಕಣ, ಎಲ್ಲೆಂದರಲ್ಲಿ ಟವಲ್ ಹಾಸಿ ಕೂರುತ್ತಾರೆ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ನಿಂಬೆಹಣ್ಣು ಎಸೆಯುವ ಪಂದ್ಯ, ತೆಂಗಿನಕಾಯಿಯ ಪಂದ್ಯ ನಡೆಯುತ್ತವೆ. ದೀಪಾವಳಿಯ ಬಲಿಪಾಡ್ಯಮಿಗಂತೂ ದ್ಯೂತಪ್ರತಿಪದೆ ಎಂಬ ಹೆಸರೇ ಇದೆ. ಹಳೆಯ ಹಬ್ಬದ ಆಟಕ್ಕೆ ಎರಡು ಬೇಲಿಗಳಿದ್ದವು: ಹಬ್ಬ ಮುಗಿದರೆ ಆಟ ಮುಗಿಯುತ್ತಿತ್ತು, ಸೋತ ದುಡ್ಡು ಊರಲ್ಲೇ ಯಾರದೋ ಜೇಬಿನಲ್ಲಿರುತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ನಾನು ಈ ಪುಟ ಬರೆಯುತ್ತಿರಲಿಲ್ಲ.

ಈಗ ಅನೇಕ ಕಡೆ ಆಟದ ಜೊತೆ ಆಡಿಸುವವನೂ ಬಂದಿದ್ದಾನೆ. ತೋಟದ ಮನೆ ಹಿಡಿದು, ಊಟ, ಬೀಡಿ, ಕಾವಲು ಎಲ್ಲ ವ್ಯವಸ್ಥೆ ಮಾಡಿ ಪ್ರತಿ ಸುತ್ತಿಗೂ ತನ್ನ ಪಾಲು ತೆಗೆಯುತ್ತಾನೆ. ಸೋತವನಿಗೆ ಅಲ್ಲೇ ಸಾಲ ಕೊಡುತ್ತಾನೆ, ಬೈಕ್ ಕೀಲಿ ಇಟ್ಟುಕೊಳ್ಳುತ್ತಾನೆ. ಹಬ್ಬ ಕಳೆದ ವಾರ ಒಡವೆ ಹಿಡಿದು ನಮ್ಮ ಮೇಜಿನ ಮುಂದೆ ಕೂರುವವರಿದ್ದಾರೆ. ಅರ್ಜಿಯಲ್ಲಿ ಸಾಲದ ಕಾರಣ ಬರೆಯುವ ಜಾಗದಲ್ಲಿ ‘ಬಿತ್ತನೆ ಖರ್ಚು’ ಎಂದು ಬರೆಸುತ್ತಾರೆ. ಕುಷ್ಕಿ ಹೊಲದವನಿಗೆ ಯುಗಾದಿಯ ಹೊತ್ತಿಗೆ ಬಿತ್ತನೆಯೇ ಇರುವುದಿಲ್ಲ. ತೂಕಕ್ಕೆ ಇಟ್ಟ ಓಲೆಯ ತಿರುಪಿಗೆ ಇನ್ನೂ ಅರಿಸಿನ ಮೆತ್ತಿರುತ್ತದೆ.

ಧರ್ಮರಾಯನೇ ಆಡಿದ, ನಾವು ಆಡಿದರೆ ಏನಾಯಿತು?

ಕಟ್ಟೆಯ ಮೇಲೆ ಈ ವಾದ ಮಾಡುವವರು ಮೊದಲ ಆಟವನ್ನಷ್ಟೇ ನೆನೆಯುತ್ತಾರೆ. ಆಟ ಎರಡು ಸಲ ನಡೆಯಿತು. ಮೊದಲ ಸಲ ಸೋತದ್ದನ್ನೆಲ್ಲ ಧೃತರಾಷ್ಟ್ರ ದ್ರೌಪದಿಗೆ ವರ ಕೊಟ್ಟು ಹಿಂದಿರುಗಿಸಿದ್ದ. ರಾಜ್ಯ ಕೈಗೆ ಬಂದಿತ್ತು, ತಮ್ಮಂದಿರು ಬಿಡುಗಡೆಯಾಗಿದ್ದರು, ರಥ ಇಂದ್ರಪ್ರಸ್ಥದ ಕಡೆ ಹೊರಟಿತ್ತು. ಮತ್ತೆ ಕರೆದಾಗ ಧರ್ಮರಾಯ ಹಿಂದಿರುಗಿ ಬಂದು ಕುಳಿತ. ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ ಬಂದದ್ದು ಆ ಎರಡನೆಯ ಆಟದಿಂದ. ಜೂಜಿನ ಚಟ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲೂ ಜೂಜುಕೋರನೊಬ್ಬನ ಅಳಲಿನ ಸೂಕ್ತವಿದೆ. ದಾಳ ಬಿಡು, ಹೊಲ ಉಳು ಎಂದು ಅದು ನೇರವಾಗಿ ಹೇಳುತ್ತದೆ.

ಕೋಳಿ ಅಂಕ ದೈವದ ಸೇವೆ, ಅದನ್ನು ಜೂಜು ಎನ್ನಬಹುದೇ?

ಮಂಗಳೂರು, ಉಡುಪಿ ಕಡೆಯವರು ಕೇಳುವ ಪ್ರಶ್ನೆ. ನೇಮ, ಜಾತ್ರೆಗಳ ಜೊತೆ ಕೋಳಿ ಅಂಕ ಬೆಳೆದುಬಂದಿದೆ ಎಂಬುದು ನಿಜ. ಆದರೆ ಕಾಲಿಗೆ ಕತ್ತಿ ಕಟ್ಟಿ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಪಣ ಸೇರಿದರೆ ಜೂಜಿನ ಪ್ರಕರಣವೂ ಆಗುತ್ತದೆ. ಕಂಬಳಕ್ಕೆ ಅವಕಾಶ ಸಿಕ್ಕಿತಲ್ಲ ಎನ್ನುತ್ತಾರೆ. ಅದಕ್ಕೆ ರಾಜ್ಯವೇ ಕಾಯ್ದೆ ತಿದ್ದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಳಿ ಅಂಕಕ್ಕೆ ಅಂಥ ರಕ್ಷಣೆ ಇಲ್ಲ.

## ಲೆಕ್ಕ

ಮಟ್ಕಾ ನಂಬರ್ ಎಲ್ಲಿಂದ ಬರುತ್ತದೆ? ದಿನಾ ಬರೆಸಿದರೆ ಒಂದು ದಿನವಾದರೂ ಬೀಳಲೇಬೇಕಲ್ಲವೇ?

ಮೊದಲು ಮುಂಬೈನಲ್ಲಿ ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಬಾಜಿ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಿತು. ಆಮೇಲೆ ಮಡಕೆಯಿಂದ ಚೀಟಿ ಎತ್ತಿ, ಇಸ್ಪೀಟು ಎಲೆ ಎಳೆದು ಅಂಕಿ ತೆಗೆಯತೊಡಗಿದರು. ಓಪನ್, ಕ್ಲೋಸ್ ಎಂಬ ಹತ್ತಿಯ ಮಾತುಗಳೇ ಇಂದಿಗೂ ಉಳಿದಿವೆ. ಈಗ ಅಂಕಿ ತೆಗೆಯುವವರು ಯಾರು ಎಂಬುದು ಬರೆಸುವವನ ಕಣ್ಣಿಗೆ ಬೀಳುವುದೇ ಇಲ್ಲ. ಯಾವ ಅಂಕಿಗೆ ಎಷ್ಟು ದುಡ್ಡು ಬಿದ್ದಿದೆ ಎಂಬುದು ಗೊತ್ತಿರುವವನೇ ಅಂಕಿ ತೆಗೆಯುವ ಆಟದಲ್ಲಿ ನ್ಯಾಯ ಎಲ್ಲಿಂದ ಬರಬೇಕು?

ಮೋಸ ಇಲ್ಲವೆಂದೇ ಇಟ್ಟುಕೊಳ್ಳೋಣ. ಕಲಬುರಗಿ, ರಾಯಚೂರು ಕಡೆ ಬೀದಿಯಲ್ಲಿ ಕೂಗುವ ದರ ‘ಒಂದು ರೂಪಾಯಿಗೆ ಎಂಬತ್ತು’. 00ರಿಂದ 99ರವರೆಗೆ ನೂರು ಜೋಡಿಗಳಿವೆ. ಅಷ್ಟಕ್ಕೂ ಒಂದೊಂದು ರೂಪಾಯಿ ಕಟ್ಟಿದರೆ ಹೋಗುವುದು ನೂರು, ಬರುವುದು ಎಂಬತ್ತು. ಅಂದರೆ ಯಾರೂ ಯಾರಿಗೂ ಮೋಸ ಮಾಡದಿದ್ದರೂ ನೂರಕ್ಕೆ ಇಪ್ಪತ್ತು ಆಡಿಸುವವನದು. ದಿನಕ್ಕೆ 50 ರೂಪಾಯಿ ಬರೆಸುವವನು ವರ್ಷಕ್ಕೆ 18,250 ರೂಪಾಯಿ ಕಟ್ಟುತ್ತಾನೆ, ಸರಾಸರಿಯಲ್ಲಿ 3,650 ಕಳೆದುಕೊಳ್ಳುತ್ತಾನೆ. ಕೆಲವರು ಗೆಲ್ಲುವುದರಿಂದ ಉಳಿದವರ ನಷ್ಟ ಇದಕ್ಕಿಂತ ಹೆಚ್ಚು.

ಬೀಳಲೇಬೇಕು ಎಂಬುದೂ ಸುಳ್ಳು. ದಿನಕ್ಕೊಂದು ಜೋಡಿಯಂತೆ ನೂರು ದಿನ ಬರೆಸಿದ ನೂರು ಜನರಲ್ಲಿ ಸುಮಾರು 37 ಜನರಿಗೆ ಒಮ್ಮೆಯೂ ಬೀಳುವುದಿಲ್ಲ. ನಿನ್ನೆ ಬೀಳಲಿಲ್ಲ ಎಂಬ ಕಾರಣಕ್ಕೆ ಇವತ್ತು ಬೀಳುವ ಸಾಧ್ಯತೆ ಒಂದಿಷ್ಟೂ ಹೆಚ್ಚಾಗುವುದಿಲ್ಲ. ಕನಸಿನಲ್ಲಿ ಹಾವು ಬಂದರೆ ಈ ಅಂಕಿ, ಸಾಧು ಬೆರಳು ತೋರಿದರೆ ಆ ಅಂಕಿ ಎಂದು ಹೇಳುವ ಚಾರ್ಟುಗಳನ್ನು ಮಾರುವವರು ಬಾಳಿದ್ದಾರೆ. ಅದನ್ನು ನಂಬಿ ಬರೆಸಿದ ಕೂಲಿಕಾರರ ಪಾಸ್‌ಬುಕ್ ನಾನು ನೋಡಿದ್ದೇನೆ.

ಅಂದರ್-ಬಾಹರ್‌ನಲ್ಲಿ ಇರುವುದೇ ಎರಡು ಕಡೆ. ಅಲ್ಲಿ ಯಾರಿಗೂ ನಷ್ಟವಿಲ್ಲವಲ್ಲ?

ತೆರೆದಿಟ್ಟ ಎಲೆಗೆ ಜೋಡಿಯಾಗುವ ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದು ಪಣ ಕಟ್ಟುವ ಆಟ ಇದು. ಹಂಚುವಾಗ ಮೊದಲ ಎಲೆ ಹಾಕುವ ಕಡೆಗೆ ಗೆಲ್ಲುವ ಸಾಧ್ಯತೆ ನೂರಕ್ಕೆ ಐವತ್ತೊಂದೂವರೆಯಷ್ಟು ಇದೆ. ಹೆಚ್ಚುಕಡಿಮೆ ಸಮಸಮ ಎನ್ನಬಹುದು. ನಷ್ಟ ಇರುವುದು ಆಡಿಸುವವನ ಪಾಲಿನಲ್ಲಿ. ಎಂಟು ಜನ ತಲಾ 5,000 ರೂಪಾಯಿ ತಂದು ಕುಳಿತರೆ ನಡುವೆ ಇರುವುದು 40,000. ಪ್ರತಿ ಸುತ್ತಿಗೆ 200 ರೂಪಾಯಿ ತೆಗೆದರೆ ನೂರು ಸುತ್ತಿನಲ್ಲಿ 20,000 ಹೊರಗೆ ಹೋಯಿತು. ಬೆಳಗಿನ ಜಾವ ಗೆದ್ದವನೂ ಸೋತವನೂ ಉಳಿದ ಅರ್ಧಕ್ಕೆ ಕಾದಾಡುತ್ತಿರುತ್ತಾರೆ. ಒಬ್ಬರಿಗೊಬ್ಬರು ಸೋತೆವೆಂದು ಮುನಿಸಿಕೊಂಡು ಮಾತು ಬಿಟ್ಟ ದಾಯಾದಿಗಳನ್ನು ಕಂಡಿದ್ದೇನೆ. ಇಬ್ಬರ ದುಡ್ಡೂ ಹೋದದ್ದು ಮೂರನೆಯವನ ಚೀಲಕ್ಕೆ.

ಷೇರು ಮಾರುಕಟ್ಟೆಯೂ ಜೂಜೇ ತಾನೆ? ಚೀಟಿ ಹಾಕುವುದು?

ಚೀಟಿ ಜೂಜಲ್ಲ. ಎಲ್ಲರೂ ಕಟ್ಟುತ್ತಾರೆ, ಸರದಿಯಲ್ಲಿ ಎಲ್ಲರಿಗೂ ಬರುತ್ತದೆ. ಅಪಾಯ ಇರುವುದು ಚೀಟಿ ನಡೆಸುವವನು ಓಡಿಹೋಗುವುದರಲ್ಲಿ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಇದೆಯೇ ನೋಡಿಕೊಳ್ಳಿ.

ಕಂಪನಿಯ ಷೇರು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವವನು ಅದರ ದುಡಿಮೆಯಲ್ಲಿ ಪಾಲುದಾರ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ದಿನದಿನವೂ ಏರಿಳಿತದ ಮೇಲೆ ಹಣ ಹಾಕುವುದು ಹಾಗಲ್ಲ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಹೀಗೆ ವಹಿವಾಟು ಮಾಡಿದ ಸಾಮಾನ್ಯ ವ್ಯಕ್ತಿಗಳಲ್ಲಿ ಶೇ 93ರಷ್ಟು ಜನ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ ಅಧ್ಯಯನವೇ ಹೇಳಿದೆ. ಕಾನೂನು ಇದನ್ನು ಜೂಜು ಎನ್ನುವುದಿಲ್ಲ. ಸಾಲ ತಂದು ಅದಕ್ಕೆ ಸುರಿದವರ ಮನೆಯ ಸ್ಥಿತಿ ಮಾತ್ರ ಮಟ್ಕಾದವರ ಮನೆಗಿಂತ ಬೇರೆಯಾಗಿರುವುದಿಲ್ಲ.

## ಕಾನೂನು

ರೇಸ್‌ಕೋರ್ಸ್‌ನಲ್ಲಿ ಶ್ರೀಮಂತರು ಆಡಿದರೆ ಪೊಲೀಸರು ಕಾವಲು ಕಾಯುತ್ತಾರೆ, ನಮ್ಮನ್ನು ಮರದಡಿಯಿಂದ ಎಳೆದೊಯ್ಯುತ್ತಾರೆ. ಇದು ಯಾವ ನ್ಯಾಯ?

ಕೋಪ ನ್ಯಾಯವಾದದ್ದು. ಕಾನೂನಿನ ತರ್ಕ ಹೀಗಿದೆ: ಫಲ ಮುಖ್ಯವಾಗಿ ಅದೃಷ್ಟವನ್ನು ಅವಲಂಬಿಸಿದ್ದರೆ ಜೂಜು, ಕೌಶಲವನ್ನು ಅವಲಂಬಿಸಿದ್ದರೆ ಅಲ್ಲ. ಕುದುರೆ ಪಂದ್ಯದಲ್ಲಿ ಕೌಶಲವೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ರಮ್ಮಿಯಲ್ಲೂ ಕೌಶಲ ಹೆಚ್ಚು ಎಂದು 1968ರಲ್ಲೇ ಹೇಳಿತ್ತು. ಮೂರೆಲೆಯನ್ನು ಅದೃಷ್ಟದ ಆಟವೆಂದು ಬೇರ್ಪಡಿಸಿತು. ಕ್ಲಬ್ಬುಗಳಲ್ಲಿ ರಮ್ಮಿ ನಡೆಯುವುದು ಆ ತೀರ್ಪಿನ ಬಲದ ಮೇಲೆ.

ಅದೇ 1968ರ ತೀರ್ಪಿನ ಇನ್ನೊಂದು ಮಾತನ್ನು ಕ್ಲಬ್ಬಿನವರು ಎತ್ತುವುದಿಲ್ಲ. ಪಣ ಇಟ್ಟು ಆಡುವ ಆಟದಿಂದ ಜಾಗದ ಒಡೆಯ ಲಾಭ ಮಾಡಿಕೊಳ್ಳುತ್ತಿದ್ದರೆ, ಅದು ರಮ್ಮಿಯೇ ಆಗಿದ್ದರೂ ಅಪರಾಧವಾಗಬಹುದು ಎಂದು ನ್ಯಾಯಾಲಯ ಸ್ಪಷ್ಟಪಡಿಸಿತ್ತು. ನನ್ನ ಮಟ್ಟಿಗೆ ತೀರ್ಪಿನ ತಿರುಳು ಅದೇ. ಕೌಶಲವೋ ಅದೃಷ್ಟವೋ ಎಂಬ ಚರ್ಚೆಯನ್ನು ಐದಾರು ದಶಕ ಎಳೆದರು, ಆಡಿಸಿ ಲಾಭ ಮಾಡುವವನಾರು ಎಂಬ ಪ್ರಶ್ನೆ ಹಿಂದೆ ಸರಿಯಿತು. ಮರದಡಿ ಆಡಿದವರಿಂದ ‘ಪಣಕ್ಕಿಟ್ಟ ನಗದು ಮತ್ತು 52 ಇಸ್ಪೀಟು ಎಲೆ’ ಜಪ್ತಿ ಮಾಡಿದ ಸುದ್ದಿ ವಾರವಾರವೂ ಬರುತ್ತದೆ. ಆಡಿಸಿದವನ ಹೆಸರು ಬರುವುದು ಅಪರೂಪ.

ಗೆದ್ದ ಬಾಜಿ ಹಣ ಕೊಡದಿದ್ದರೆ ಕೋರ್ಟಿಗೆ ಹೋಗಬಹುದೇ?

ಇಲ್ಲ. 1872ರ ಒಪ್ಪಂದ ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆಯಿಲ್ಲ. ಚುನಾವಣೆ ಫಲಿತಾಂಶದ ಮೇಲೆ ಟಗರು, ಬೈಕ್, ಜಮೀನು ಪಣವಿಟ್ಟು ಸಾಕ್ಷಿಗಳ ಮುಂದೆ ಬರೆಸಿಕೊಂಡ ಕಾಗದವೂ ನಿಲ್ಲುವುದಿಲ್ಲ.

ನಮ್ಮಲ್ಲಿ ಲಾಟರಿ ಇಲ್ಲ. ಕೇರಳಕ್ಕೆ ಹೋಗಿ ಟಿಕೆಟ್ ಕೊಂಡರೆ ತೊಂದರೆಯೇ?

ಕರ್ನಾಟಕ 2007ರಲ್ಲಿ ಲಾಟರಿಯನ್ನು ಪೂರ್ತಿ ನಿಲ್ಲಿಸಿತು. ಕೇರಳದಲ್ಲಿ ಸರ್ಕಾರವೇ 1960ರ ದಶಕದಿಂದ ನಡೆಸುತ್ತಿದೆ. ಅಲ್ಲಿ ಅಂಗಡಿಯಲ್ಲಿ ಟಿಕೆಟ್ ಕೊಳ್ಳುವುದು ತಪ್ಪಲ್ಲ, ತಂದು ಇಲ್ಲಿ ಮಾರುವುದು ಅಪರಾಧ. 2024ರ ಓಣಂ ಬಂಪರ್‌ನ 25 ಕೋಟಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಿದ್ದಾಗಿನಿಂದ ಈ ಪ್ರಶ್ನೆ ಹೆಚ್ಚಾಗಿದೆ. ಅದರ ಬೆನ್ನಿಗೇ ಮೋಸವೂ ಬಂದಿದೆ. ಕೇರಳ ಸರ್ಕಾರ ಆನ್‌ಲೈನ್‌ನಲ್ಲಿ ಟಿಕೆಟ್ ಮಾರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಟಿಕೆಟ್ ಚಿತ್ರ ಕಳಿಸಿ ಹಣ ಕೇಳುವವರು, ‘ನಿಮಗೆ ಬಹುಮಾನ ಬಂದಿದೆ, ತೆರಿಗೆ ಮೊದಲು ಕಟ್ಟಿ’ ಎನ್ನುವವರು ವಂಚಕರು. ಹಣ ಕಳಿಸಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಮೊಬೈಲ್ ರಮ್ಮಿ ಬಂದ್ ಆಯಿತು ಎಂದರು. ಮತ್ತೆ ನನ್ನ ಫೋನಿಗೆ ಲಿಂಕ್ ಏಕೆ ಬರುತ್ತಿದೆ?

ಕರ್ನಾಟಕ 2021ರ ಅಕ್ಟೋಬರ್‌ನಲ್ಲಿ ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಆಮೇಲೆ ಸಂಸತ್ತೇ ಕಾಯ್ದೆ ತಂದಿತು, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಹಣ ಗೆಲ್ಲುವ ಎಲ್ಲ ಆನ್‌ಲೈನ್ ಆಟಗಳನ್ನೂ ಅದು ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, ಐವತ್ತು ಲಕ್ಷ. ಆಡುವವರಿಗೆ ಶಿಕ್ಷೆ ಇಲ್ಲ. ಕಂಪನಿಗಳು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿವೆ.

ಈಗ ಬರುವ ಲಿಂಕುಗಳ ಹಿಂದಿರುವವರು ಹೆಚ್ಚಾಗಿ ದೇಶದ ಹೊರಗಿದ್ದಾರೆ. ಗೆದ್ದರೆ ಕೊಡುತ್ತಾರೆ ಎಂಬ ಖಾತ್ರಿ ಇಲ್ಲ, ಕೇಳಲು ವಿಳಾಸವೂ ಇಲ್ಲ. ಕಾಲೇಜು ಹುಡುಗರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ: ‘ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎಂದು ಯಾರಾದರೂ ಬಂದರೆ ಬೇಡವೆನ್ನಿ. ಬೆಟ್ಟಿಂಗ್ ಹಣ ಹರಿದಾಡುವುದು ಇಂಥ ಬಾಡಿಗೆ ಖಾತೆಗಳಲ್ಲಿ, ಪೊಲೀಸರು ಬಂದು ನಿಲ್ಲುವುದು ಖಾತೆದಾರನ ಮನೆ ಬಾಗಿಲಿಗೆ.

## ಮನೆ, ಸಾಲ, ಚಟ

ಮಗ ರಾತ್ರಿಯಿಡೀ ಮೊಬೈಲ್‌ನಲ್ಲಿ ಗುಂಡು ಹಾರಿಸುವ ಆಟ ಆಡುತ್ತಾನೆ. ಮುಂದೆ ಜೂಜಿಗೆ ಬೀಳುತ್ತಾನೆಯೇ?

ಬೀಳಲೇಬೇಕೆಂದಿಲ್ಲ. ಆದರೆ ಒಂದು ಬಾಗಿಲು ಎರಡಕ್ಕೂ ಸಮಾನವಾಗಿದೆ. ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ತೆರೆಯುವ ವ್ಯವಸ್ಥೆ ಎಷ್ಟೋ ಆಟಗಳಲ್ಲಿದೆ. ಬೆಲ್ಜಿಯಂ 2018ರಲ್ಲಿ ಅದನ್ನು ಜೂಜೆಂದೇ ಪರಿಗಣಿಸಿತು. ಮಗ ಅದಕ್ಕೆ ಹಣ ಹಾಕುತ್ತಿದ್ದಾನೆಯೇ ಎಂಬುದನ್ನು ಮೊದಲು ವಿಚಾರಿಸಿ, ನಿಮ್ಮ ಯುಪಿಐ ಪಿನ್ ಅವನಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ. ನಿದ್ದೆ, ಊಟ, ಓದು, ಗೆಳೆಯರು ಎಲ್ಲ ಬಿಟ್ಟುಹೋಗಿ ಆಟವೊಂದೇ ಉಳಿದಿದ್ದರೆ ಅದು ವೈದ್ಯರಿಗೆ ತೋರಿಸಬೇಕಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಆಟದ ಚಟಕ್ಕೂ ಜೂಜಿನ ಚಟಕ್ಕೂ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು ‘ಶಟ್’ ಚಿಕಿತ್ಸಾಲಯ ತೆರೆಯಿತು. ಫೋನ್ ಕಿತ್ತು ಗೋಡೆಗೆ ಎಸೆಯುವುದರಿಂದ ಏನೂ ಆಗದು, ಹುಡುಗ ಗೆಳೆಯನ ಫೋನಿನಲ್ಲಿ ಆಡುತ್ತಾನೆ.

ನಮ್ಮ ಯಜಮಾನರು ಸಾಲ ಮಾಡಿ ಆಡುತ್ತಾರೆ. ಒಂದು ಸಲ ಎಲ್ಲ ಸಾಲ ತೀರಿಸಿಬಿಟ್ಟರೆ ಸರಿಹೋಗುತ್ತಾರೆಯೇ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು, ಕೇಳಿದವರೆಲ್ಲ ಹೆಣ್ಣುಮಕ್ಕಳು. ಅಮ್ಮಾ, ಸಾಲ ತೀರಿಸಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಚಟ ಹಿಡಿದವನಿಗೆ ಸಾಲ ತೀರಿತೆಂದರೆ ಮತ್ತೆ ಸಾಲ ಸಿಗುತ್ತದೆ ಎಂದರ್ಥ. ಕೊಟ್ಟವರು ಮತ್ತೆ ಕೊಡುತ್ತಾರೆ. ಹೋದದ್ದನ್ನು ಹಿಂದಕ್ಕೆ ತರುತ್ತೇನೆ ಎಂಬ ಹಟವೇ ಈ ಕಾಯಿಲೆಯ ಮುಖ್ಯ ಲಕ್ಷಣ. ನಿಮ್ಮ ಮೇಲಿನ ಪ್ರೀತಿ ಕಡಿಮೆಯಾಗಿದೆ ಎಂದು ಇದಕ್ಕೆ ಅರ್ಥವಲ್ಲ, ನಿಮ್ಮ ಕಣ್ಣೀರಿನಿಂದ ಅದು ನಿಲ್ಲುವುದೂ ಇಲ್ಲ.

ಮೊದಲು ಉಳಿದದ್ದನ್ನು ಕಾಪಾಡಿಕೊಳ್ಳಿ. ನಿಮ್ಮ ಒಡವೆ ನಿಮ್ಮ ಹೆಸರಿನ ಲಾಕರಿನಲ್ಲಿ ಇರಲಿ ಅಥವಾ ತವರಿನಲ್ಲಿ ಇರಲಿ. ಗೃಹಲಕ್ಷ್ಮಿ ಹಣ ಬರುವ ಖಾತೆಯ ಎಟಿಎಂ ಕಾರ್ಡ್ ನಿಮ್ಮ ಕೈಯಲ್ಲೇ ಇರಲಿ. ಜಾಮೀನಿಗೆ ಸಹಿ ಹಾಕಬೇಡಿ, ಸ್ತ್ರೀಶಕ್ತಿ ಗುಂಪಿನಿಂದ ನಿಮ್ಮ ಹೆಸರಿನಲ್ಲಿ ಸಾಲ ಎತ್ತಬೇಡಿ. ಕಿರುಸಾಲ ಕೊಟ್ಟವರು ಮನೆ ಮುಂದೆ ಬಂದು ಬೆದರಿಸಿದರೆ ಪೊಲೀಸರಿಗೆ ದೂರು ಕೊಡಿ. ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು.

ಆಮೇಲೆ ಚಿಕಿತ್ಸೆ. ಟೆಲಿ ಮನಸ್ ಸಹಾಯವಾಣಿ 14416 ಹಗಲುರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಯಜಮಾನರು ಒಪ್ಪದಿದ್ದರೆ ನೀವೇ ಕರೆ ಮಾಡಿ, ಮನೆಯವರೂ ಕೇಳಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಸಾಲದ ಪೂರ್ಣ ಪಟ್ಟಿಯನ್ನು ಯಜಮಾನರ ಕೈಯಿಂದಲೇ ಬರೆಸಿ. ಮುಚ್ಚಿಟ್ಟ ಒಂದೊಂದು ಸಾಲವೂ ಮತ್ತೆ ಆಡಲು ಒಂದು ನೆಪ. ತೀರಿಸುವುದಿದ್ದರೆ ಹಣವನ್ನು ಅವರ ಕೈಗೆ ಕೊಡದೆ ಸಾಲ ಕೊಟ್ಟವರಿಗೇ ಕಂತಿನಲ್ಲಿ ಕಟ್ಟಿ, ರಸೀದಿ ಪಡೆಯಿರಿ. ಅವರು ‘ಇನ್ನು ನಾನು ಇದ್ದು ಏನು ಪ್ರಯೋಜನ’ ಎಂಬ ಮಾತು ಆಡಿದರೆ ಆ ದಿನ ಒಬ್ಬರನ್ನೇ ಬಿಡಬೇಡಿ, ಕಾಯದೆ ಕರೆ ಮಾಡಿ.

ಸಂಪೂರ್ಣ ಬಂದ್ ಮಾಡುವುದು ಸರಿಯೇ, ಕಾನೂನುಬದ್ಧ ಮಾಡಿ ತೆರಿಗೆ ಹಾಕುವುದು ಸರಿಯೇ?

ಎರಡೂ ಕಡೆಯವರು ನನಗೆ ಪತ್ರ ಬರೆದಿದ್ದಾರೆ. ಬಂದ್ ಮಾಡಿದರೆ ಕಳ್ಳದಂಧೆ ಬೆಳೆಯುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಲಾಟರಿ ನಿಷೇಧಿಸಿ ಎಂಟು ವರ್ಷವಾದ ಮೇಲೆ, 2015ರಲ್ಲಿ, ಒಂದಂಕಿ ಲಾಟರಿಯ ದೊಡ್ಡ ಜಾಲ ರಾಜ್ಯದಲ್ಲೇ ಬಯಲಾಯಿತು. ಕೆಲವು ಪೊಲೀಸ್ ಅಧಿಕಾರಿಗಳ ಹೆಸರೂ ಕೇಳಿಬಂದು ತನಿಖೆ ಸಿಬಿಐಗೆ ಹೋಯಿತು. ತೆರಿಗೆಯ ವಾದವನ್ನು ಮಾತ್ರ ನಾನು ಒಪ್ಪಲಾರೆ. 2023ರ ಅಕ್ಟೋಬರ್‌ನಿಂದ ಆನ್‌ಲೈನ್ ಪಣದ ಪೂರ್ಣ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಹಾಕಿದರು. ಸರ್ಕಾರಕ್ಕೆ ಅದರಿಂದ ಬರುವ ಆದಾಯ ಹೆಚ್ಚಬೇಕಾದರೆ ಜನ ಹೆಚ್ಚು ಕಟ್ಟಬೇಕು, ಅಂದರೆ ಹೆಚ್ಚು ಸೋಲಬೇಕು. ಆಗ ಸರ್ಕಾರವೂ ಪಾಲು ತೆಗೆಯುವವರ ಸಾಲಿಗೆ ಸೇರುತ್ತದೆ.

ನನಗೆ ಬೇಕಾದ ಕಾನೂನು ಟವಲ್ ಹಾಸಿ ಕುಳಿತ ನಾಲ್ವರನ್ನು ಬಿಟ್ಟು, ಪಾಲು ತೆಗೆಯುವವನನ್ನು, ಅಲ್ಲೇ ಬಡ್ಡಿಗೆ ಸಾಲ ಕೊಡುವವನನ್ನು, ಖಾತೆ ಬಾಡಿಗೆಗೆ ಪಡೆಯುವವನನ್ನು ಹಿಡಿಯುವ ಕಾನೂನು. 2025ರ ಕಾಯ್ದೆ ಆಡುವವನನ್ನು ಬಿಟ್ಟು ನಡೆಸುವವನಿಗೆ ಶಿಕ್ಷೆ ಇಟ್ಟಿರುವುದು ಆ ದಿಕ್ಕಿನಲ್ಲಿದೆ. ಊರಿನ ತೋಟದ ಮನೆಗೂ ಅದೇ ನ್ಯಾಯ ಬರಬೇಕು. ಮುಂದಿನ ಗ್ರಾಮ ಸಭೆಯಲ್ಲಿ ಯಾರು ಆಡುತ್ತಾರೆ ಎಂದು ಹೆಸರು ಹೇಳಿಸುವ ಬದಲು ಯಾರು ಆಡಿಸುತ್ತಾರೆ ಎಂದು ಕೇಳಿ, ಆ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.